ಹೊಳೆಯುವ ಜಾಡಿಯ ಒಳಗೇನಿದೆ?

ಮಣ್ಣಿನ ಪಾತ್ರೆಗಳು ಮತ್ತೆ ನಮ್ಮ ಅಡುಗೆಮನೆಗೆ ಬರತೊಡಗಿವೆ. ಸ್ಟೀಲು, ಅಲ್ಯೂಮಿನಿಯಂ, ಪ್ಲಾಸ್ಟಿಕ್‌ಗಳ ನಡುವೆ ಮೂಲೆಗೆ ಸರಿದಿದ್ದ ಮಡಕೆ, ಭರಣಿ, ಕುಡಿಕೆಗಳನ್ನು ಜನ ಹುಡುಕಿಕೊಂಡು ಹೋಗಿ ಕೊಳ್ಳುತ್ತಿದ್ದಾರೆ. ಹಬ್ಬದ ದಿನ ಖೀರು ಹಾಕಿಕೊಡಲು ಬಣ್ಣದ ಬಟ್ಟಲು, ಉಪ್ಪಿನಕಾಯಿಗೆ ಮಿರುಗುವ ಜಾಡಿ, ಮೊಸರಿಗೆ ಪುಟ್ಟ ಕುಡಿಕೆ. ನೋಡಲು ಚಂದ, ಬಳಸಲು ಹಿತ. ಆದರೆ ಮಣ್ಣಿನ ಪಾತ್ರೆ ಕೊಳ್ಳುವಾಗ ನಾವು ಮೊದಲು ನೋಡುವುದು ಅದರ ಹೊಳಪನ್ನು. ಆ ಹೊಳಪು ಏನು, ಅದು ಎಲ್ಲಿಂದ ಬಂತು, ನಮ್ಮ ಮಕ್ಕಳ ಹೊಟ್ಟೆಗೆ ಅದರಿಂದ ಏನಾದರೂ ಸೇರುತ್ತದೆಯೇ ಎಂದು ಕೇಳುವವರು ಕಡಿಮೆ. ಕೇಳಬೇಕಾದ ಪ್ರಶ್ನೆ ಮಾತ್ರ ಅದೇ.

ಕುಂಬಾರರು ಆ ಹೊಳಪಿಗೆ ಗ್ಲೇಜ್ ಎನ್ನುತ್ತಾರೆ. ಸರಳವಾಗಿ ಹೇಳಬೇಕೆಂದರೆ ಅದು ಪಾತ್ರೆಯ ಮೈಗೆ ಅಂಟಿಕೊಂಡು ಕರಗಿದ ತೆಳುವಾದ ಗಾಜು.

ಬಳೆಯೂ ಜಾಡಿಯೂ ಒಂದೇ ಕುಲ

ಗಾಜು ಎಂದಾಗ ಹೆಣ್ಣುಮಕ್ಕಳಿಗೆ ಮೊದಲು ನೆನಪಾಗುವುದು ಬಳೆ. ಹೊಸದುರ್ಗ ತಾಲ್ಲೂಕಿನ ಮತ್ತೋಡು ಒಂದು ಕಾಲದಲ್ಲಿ ಗಾಜಿನ ಬಳೆಗೆ ಹೆಸರಾದ ಊರು. ಟಿಪ್ಪು ಸುಲ್ತಾನರು ಹುತಾತ್ಮರಾದ ಮರುವರ್ಷ, ಅಂದರೆ 1800ರಲ್ಲಿ, ಮೈಸೂರು ಸೀಮೆಯ ಪ್ರವಾಸಕ್ಕೆ ಹೊರಟ ಫ್ರಾನ್ಸಿಸ್ ಬುಕಾನನ್ ಎಂಬ ಇಂಗ್ಲಿಷ್ ಕಂಪೆನಿಯ ವೈದ್ಯ ಇಲ್ಲಿನ ಬಳೆ ತಯಾರಿಕೆಯನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಎಂದು ಐದು ಬಣ್ಣದ ಗಾಜು ಅಲ್ಲಿ ಬಳಕೆಯಲ್ಲಿತ್ತು. ಅದಕ್ಕೆ ಬೇಕಾದ ಮುಖ್ಯ ವಸ್ತುಗಳು ಎರಡು. ಒಂದು ಪುಡಿ ಮಾಡಿದ ಬಿಳಿ ಬೆಣಚುಕಲ್ಲು. ಇನ್ನೊಂದು ಸೌಳುಮಣ್ಣು, ಅಂದರೆ ಬೇಸಿಗೆಯಲ್ಲಿ ನೆಲದ ಮೇಲೆ ಬೆಳ್ಳಗೆ ಹೂತು ಬರುವ, ಅಗಸರು ಬಟ್ಟೆ ಒಗೆಯಲು ಬಳಸುತ್ತಿದ್ದ ಖಾರದ ಮಣ್ಣು.

ಈ ಎರಡು ವಸ್ತುಗಳಲ್ಲೇ ಗ್ಲೇಜಿನ ಗುಟ್ಟೆಲ್ಲ ಅಡಗಿದೆ. ಬೆಣಚುಕಲ್ಲು ಒಂದನ್ನೇ ಕರಗಿಸಬೇಕಾದರೆ 1700 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಯಾವ ಕುಂಬಾರನ ಆವಿಗೆಯೂ ಅಷ್ಟು ಕಾಯುವುದಿಲ್ಲ. ಸೌಳಿನಲ್ಲಿರುವ ಸೋಡ ಅದರ ಜೊತೆ ಸೇರಿದರೆ ಸಾವಿರ ಡಿಗ್ರಿಯ ಆಸುಪಾಸಿನಲ್ಲೇ ಕಲ್ಲು ಕರಗಿ ಗಾಜಾಗುತ್ತದೆ. ಕರಗಿದ ಗಾಜು ಪಾತ್ರೆಯ ಮೈಮೇಲಿಂದ ನೀರಿನಂತೆ ಹರಿದು ಹೋಗದಿರಲು ಮೂರನೆಯದೊಂದು ಬೇಕು. ಅದೇ ಚೀನೀಮಣ್ಣು. ಕಲ್ಲು ಗಾಜಾಗುತ್ತದೆ, ಸೋಡ ಕರಗಿಸುತ್ತದೆ, ಮಣ್ಣು ಹಿಡಿದಿಡುತ್ತದೆ. ಈ ಮೂರರ ಪ್ರಮಾಣ ತಪ್ಪಿದರೆ ಗ್ಲೇಜ್ ಕೆಡುತ್ತದೆ. ಸಾರಿಗೆ ಉಪ್ಪು, ಹುಳಿ, ಖಾರ ಇದ್ದಂತೆ.

ಬಣ್ಣ ಕೊಡುವುದು ಲೋಹಗಳು. ಈ ವಿಷಯದಲ್ಲಿ ನಮ್ಮ ಜಿಲ್ಲೆ ಭಾಗ್ಯಶಾಲಿ. ಚಿತ್ರದುರ್ಗದ ಪಕ್ಕದ ಇಂಗಳದಾಳದಲ್ಲಿ ತಾಮ್ರದ ಗಣಿ ಇತ್ತು. ಹೊಳಲ್ಕೆರೆ, ಹೊಸದುರ್ಗದ ಗುಡ್ಡಗಳಲ್ಲಿ ಕಬ್ಬಿಣದ ಅದಿರಿದೆ, ಮ್ಯಾಂಗನೀಸ್ ಇದೆ. ತಾಮ್ರ ಗ್ಲೇಜಿಗೆ ಹಸಿರು ಕೊಡುತ್ತದೆ, ಸೋಡ ಹೆಚ್ಚಿದ್ದರೆ ಅದೇ ತಾಮ್ರ ನವಿಲು ನೀಲಿಯಾಗುತ್ತದೆ. ಕಬ್ಬಿಣ ಸ್ವಲ್ಪ ಇದ್ದರೆ ಜೇನಿನ ಬಣ್ಣ, ಹೆಚ್ಚಿದರೆ ಕಂದು, ಇನ್ನೂ ಹೆಚ್ಚಿದರೆ ಕಪ್ಪು. ಮ್ಯಾಂಗನೀಸ್‌ನಿಂದ ನೇರಳೆ ಮತ್ತು ಕಂದು. ಅಲ್ಲಾಹನು ಭೂಮಿಯೊಳಗೆ ಇಟ್ಟಿರುವ ಬಣ್ಣಗಳು ಇವು. ಬೆಂಕಿ ತಾಗಿದಾಗ ಮಾತ್ರ ಕಣ್ಣಿಗೆ ಕಾಣಿಸಿಕೊಳ್ಳುತ್ತವೆ.

ಹಾಗೆಂದು ನಮ್ಮ ಕಡೆಯ ಹಳೆಯ ಮಡಕೆಗಳಿಗೆ ಗ್ಲೇಜ್ ಇರಲಿಲ್ಲ. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಮತ್ತು ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಉತ್ಖನನ ನಡೆಸಿದಾಗ ಸುಮಾರು 2000 ವರ್ಷ ಹಿಂದಿನ ಮಡಕೆ ಚೂರುಗಳು ಸಿಕ್ಕವು. ಒಳಗೆ ಕಪ್ಪು, ಹೊರಗೆ ಕೆಂಪು ಬಣ್ಣದ ಪಾತ್ರೆಗಳು, ಕೆಮ್ಮಣ್ಣಿನ ಲೇಪದ ಮೇಲೆ ಬಿಳಿ ಗೆರೆ ಎಳೆದ ಪಾತ್ರೆಗಳು. ಅವುಗಳ ನುಣುಪು ಬಂದದ್ದು ಕಲ್ಲಿನಿಂದ ಉಜ್ಜಿ ಉಜ್ಜಿ, ಗಾಜಿನಿಂದಲ್ಲ. ಇಂದಿಗೂ ನೀರಿನ ಮಡಕೆಗೆ ಗ್ಲೇಜ್ ಹಾಕುವುದಿಲ್ಲ. ಮಡಕೆಯ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವುದರಿಂದಲೇ ಒಳಗಿನ ನೀರು ತಂಪಾಗುವುದು. ಗ್ಲೇಜ್ ಹಾಕಿದರೆ ಆ ತಂಪು ಹೋಯಿತು.

ಮದ್ರಸದ ಗೋಡೆಯಲ್ಲಿ ಉಳಿದ ಬಣ್ಣ

ಗ್ಲೇಜಿನ ಚರಿತ್ರೆಯಲ್ಲಿ ಮುಸ್ಲಿಮ್ ಕುಶಲಕರ್ಮಿಗಳ ಪಾಲು ದೊಡ್ಡದು. ಒಂಬತ್ತನೇ ಶತಮಾನದಲ್ಲಿ, ಅಬ್ಬಾಸಿ ಖಲೀಫರ ಕಾಲದಲ್ಲಿ, ಇರಾಕಿನ ಬಸರಾದ ಕುಂಬಾರರು ಗ್ಲೇಜಿಗೆ ತವರ ಬೆರೆಸಿ ಸಾಮಾನ್ಯ ಮಣ್ಣಿನ ಪಾತ್ರೆಗೆ ಚೀನೀ ಪಿಂಗಾಣಿಯಂತಹ ಬಿಳುಪು ತಂದರು. ಅದರ ಮೇಲೆ ಬೆಳ್ಳಿ, ತಾಮ್ರದ ಲೇಪದಿಂದ ಚಿನ್ನದಂತೆ ಮಿನುಗುವ ಚಿತ್ತಾರ ಬಿಡಿಸಿದರು. ಇರಾನಿನ ಕಾಶಾನ್ ಪಟ್ಟಣದ ಕುಂಬಾರ ಮನೆತನದಲ್ಲಿ ಹುಟ್ಟಿದ ಅಬುಲ್ ಖಾಸಿಮ್ ಎಂಬವರು ಹಿಜರಿ 700ರಲ್ಲಿ (ಕ್ರಿ.ಶ. 1301) ಈ ವಿದ್ಯೆಯನ್ನು ಗ್ರಂಥದಲ್ಲಿ ದಾಖಲಿಸಿದರು. ಹತ್ತು ಪಾಲು ಬೆಣಚುಕಲ್ಲಿನ ಪುಡಿ, ಒಂದು ಪಾಲು ಗಾಜಿನ ಪುಡಿ, ಒಂದು ಪಾಲು ಬಿಳಿ ಜೇಡಿ ಎಂದು ಪಾತ್ರೆಯ ಮೈಯ ಅಳತೆಯನ್ನು ಕೊಟ್ಟಿದ್ದಾರೆ. ಮನೆತನದ ಗುಟ್ಟನ್ನು ಲೋಕದ ವಿದ್ಯೆಯನ್ನಾಗಿ ಮಾಡಿದ ಆ ಮನುಷ್ಯನನ್ನು ನೆನೆಯಬೇಕು.

ಆ ಕೈಗಾರಿಕೆಯ ಗುರುತನ್ನು ಕರ್ನಾಟಕದಲ್ಲೇ ನೋಡಬಹುದು. ಇರಾನಿನ ಗೀಲಾನ್‌ನಿಂದ ಬಂದು ಬಹಮನಿ ರಾಜ್ಯದ ಮಂತ್ರಿಯಾದ ಮಹಮೂದ್ ಗವಾನ್ 1472ರಲ್ಲಿ ಬೀದರ್‌ನಲ್ಲಿ ಕಟ್ಟಿಸಿದ ಮದ್ರಸದ ಮುಂಭಾಗದ ತುಂಬ ಬಣ್ಣದ ಗ್ಲೇಜ್ ಬಿಲ್ಲೆಗಳಿದ್ದವು. ಕಟ್ಟಡದ ಒಂದು ಭಾಗ ಸ್ಫೋಟದಲ್ಲಿ ಹಾಳಾಯಿತು, ಬಿಲ್ಲೆಗಳು ಬಹಳಷ್ಟು ಉದುರಿದವು. ಆದರೂ ಉಳಿದ ಮಿನಾರಿನ ಮೇಲೆ ಅಲ್ಲಲ್ಲಿ ನೀಲಿ ಇನ್ನೂ ಮಾಸಿಲ್ಲ. ಐದೂವರೆ ಶತಮಾನದ ಬಿಸಿಲು ಮಳೆ ತಡೆದ ಬಣ್ಣ ಅದು. ಸರಿಯಾಗಿ ಬೆಂದ ಗ್ಲೇಜ್ ಎಂದರೆ ಹಾಗಿರುತ್ತದೆ.

ಹದೀಸ್ ಓದಿದವರಿಗೆ ಇನ್ನೊಂದು ಮಾತು ನೆನಪಾಗಬಹುದು. ಅಬ್ದುಲ್ ಖೈಸ್ ಗೋತ್ರದ ನಿಯೋಗ ಮದೀನಾಕ್ಕೆ ಬಂದಾಗ ಪ್ರವಾದಿ(ಸ) ಖರ್ಜೂರದ ಪಾನೀಯ ನೆನೆಹಾಕಲು ಕೆಲವು ಬಗೆಯ ಪಾತ್ರೆಗಳನ್ನು ಬಳಸಬಾರದೆಂದರು. ಅವುಗಳಲ್ಲಿ ಒಂದು ‘ಹಂತಮ್’. ಹಸಿರು ಲೇಪದ ಜಾಡಿ ಎಂದು ವಿದ್ವಾಂಸರು ಅದನ್ನು ವಿವರಿಸಿದ್ದಾರೆ. ಇಂತಹ ಪಾತ್ರೆಯಲ್ಲಿ ಪಾನೀಯ ಬೇಗನೆ ಹುಳಿತು ಮತ್ತೇರಿಸುವಂತಾದರೂ ತಿಳಿಯುವುದಿಲ್ಲ, ಚರ್ಮದ ಚೀಲವಾದರೆ ಉಬ್ಬಿ ತಿಳಿಸುತ್ತದೆ ಎಂಬುದು ಅವರು ಕೊಟ್ಟ ಕಾರಣ. ಮುಂದೆ ಪ್ರವಾದಿ(ಸ) ಪಾತ್ರೆಗಳ ನಿರ್ಬಂಧ ತೆಗೆದು, ಮತ್ತೇರಿಸುವ ವಸ್ತುವನ್ನು ಮಾತ್ರ ನಿಷೇಧವಾಗಿಯೇ ಉಳಿಸಿದರು. ಪಾತ್ರೆ ಹರಾಮ್ ಅಲ್ಲ, ಆದರೆ ಪಾತ್ರೆಯೊಳಗೆ ಏನು ನಡೆಯುತ್ತಿದೆ ಎಂಬ ಎಚ್ಚರ ಬೇಕು ಎಂಬ ಪಾಠ ಅದರಲ್ಲಿದೆ.

“ಆಪಾ, ಈ ಜಾಡಿಗೆ ಉಪ್ಪಿನಕಾಯಿ ಹಾಕಬಹುದಾ?”

ಹೊಸದುರ್ಗದ ವಿದ್ಯಾರ್ಥಿನಿಯೊಬ್ಬಳ ತಾಯಿ ಒಮ್ಮೆ ಹಸಿರು ಜಾಡಿಯೊಂದನ್ನು ತೋರಿಸಿ ಕೇಳಿದ ಪ್ರಶ್ನೆ ಇದು. ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕಿದ್ದು. ಎರಡು ತಿಂಗಳಲ್ಲಿ ಒಳಮೈ ತುಂಬ ಜೇಡರ ಬಲೆಯಂತೆ ಸಣ್ಣ ಗೆರೆಗಳು ಬಂದಿದ್ದವು. ನಿಂಬೆ ಉಪ್ಪಿನಕಾಯಿ ಇಟ್ಟಿದ್ದ ಮಟ್ಟದವರೆಗೆ ಹೊಳಪು ಮಂಕಾಗಿತ್ತು. “ತೊಳೆದರೆ ಹೋಗುತ್ತದೇನೋ ಅಂತ ಬೂದಿ ಹಾಕಿ ತಿಕ್ಕಿದೆ ಆಪಾ, ಹೋಗಲಿಲ್ಲ” ಎಂದರು. ಹೋಗುವುದಿಲ್ಲ. ಗೆರೆ ಎಂದರೆ ಗಾಜು ಒಡೆದಿದೆ. ಮಂಕು ಎಂದರೆ ನಿಂಬೆಯ ಹುಳಿ ಗಾಜನ್ನು ತಿಂದಿದೆ. ತಿಂದದ್ದು ಎಲ್ಲಿಗೆ ಹೋಯಿತು? ಉಪ್ಪಿನಕಾಯಿಗೆ.

ಗಂಭೀರ ವಿಷಯ ಇಲ್ಲಿದೆ. ಕಡಿಮೆ ಶಾಖದಲ್ಲಿ ಸುಲಭವಾಗಿ ಕರಗಿ ಕನ್ನಡಿಯಂತೆ ಹೊಳೆಯುವ ಗ್ಲೇಜ್ ಬೇಕೆಂದರೆ ಅತಿ ಅಗ್ಗದ ದಾರಿ ಸೀಸ ಬೆರೆಸುವುದು. ಲೋಕದ ಎಲ್ಲ ಕಡೆ ಕುಂಬಾರರು ಸಾವಿರಾರು ವರ್ಷ ಹಾಗೆ ಮಾಡಿದ್ದಾರೆ. ಆದರೆ ಸೀಸ ವಿಷ. ಸರಿಯಾಗಿ ಬೇಯದ ಸೀಸದ ಗ್ಲೇಜಿನಿಂದ ನಿಂಬೆ, ಹುಣಸೆ, ಟೊಮೆಟೊ, ಮೊಸರು, ವಿನೆಗರ್ ಸೀಸವನ್ನು ಎಳೆದುಕೊಳ್ಳುತ್ತವೆ. ಹಸಿರಿಗಾಗಿ ಅದೇ ಗ್ಲೇಜಿಗೆ ತಾಮ್ರ ಸೇರಿಸಿದ್ದರೆ ಸೀಸ ಇನ್ನೂ ಹೆಚ್ಚು ಬಿಡುತ್ತದೆ. ದೊಡ್ಡವರಿಗಿಂತ ಪುಟ್ಟ ಮಕ್ಕಳ ಮೈ ನಾಲ್ಕೈದು ಪಟ್ಟು ಹೆಚ್ಚು ಸೀಸ ಹೀರಿಕೊಳ್ಳಬಲ್ಲದು. ಅದು ಮಿದುಳಿನ ಬೆಳವಣಿಗೆಯನ್ನು ಕೆಡಿಸುತ್ತದೆ. ತಾಯಿಯ ಮೂಳೆಯಲ್ಲಿ ಕೂತ ಸೀಸ ಬಸಿರಿನಲ್ಲಿ ರಕ್ತಕ್ಕೆ ಬಂದು ಗರ್ಭದ ಕೂಸನ್ನು ಮುಟ್ಟುತ್ತದೆ. ಇಷ್ಟರವರೆಗೆ ಸೀಸ ಇದ್ದರೆ ಸುರಕ್ಷಿತ ಎಂಬ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಹಾಗಾದರೆ ಮನೆಯಲ್ಲಿ ಪರೀಕ್ಷಿಸುವುದು ಹೇಗೆ?

ಮೊದಲು ಬೆಳಕಿಗೆ ಹಿಡಿದು ನೋಡಿ. ಗೆರೆ, ಗುಳ್ಳೆ, ಸೂಜಿ ಚುಚ್ಚಿದಂತಹ ತೂತು, ಗ್ಲೇಜ್ ಎದ್ದ ಅಂಚು ಇವೆಯೇ? ಬೆರಳಿನಿಂದ ತಟ್ಟಿ. ಚೆನ್ನಾಗಿ ಬೆಂದ ಪಾತ್ರೆ ಗಂಟೆಯಂತೆ ಖಣ್ ಎನ್ನುತ್ತದೆ. ಸೂರಃ ಅರ್ರಹ್ಮಾನ್‌ನಲ್ಲಿ ಮನುಷ್ಯನ ಸೃಷ್ಟಿಯ ಪ್ರಸ್ತಾಪ ಬರುವಾಗ ಇದೇ ಸದ್ದು ಕೊಡುವ ಜೇಡಿಯ ಹೋಲಿಕೆ ಇದೆ. ಡಬ್ ಎಂದರೆ ಬಿರುಕಿದೆ ಅಥವಾ ಬೇಯುವುದು ಸಾಲದು.

ಎರಡನೆಯದು ಚಹಾ ಪರೀಕ್ಷೆ. ಗಟ್ಟಿ ಡಿಕಾಕ್ಷನ್ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ತೊಳೆದಾಗ ಕಂದು ಗೆರೆಗಳ ಬಲೆ ಕಂಡರೆ ಗ್ಲೇಜ್ ಬಿರುಕು ಬಿಟ್ಟಿದೆ.

ಮೂರನೆಯದು ನಿಂಬೆ ಅಥವಾ ವಿನೆಗರ್ ಪರೀಕ್ಷೆ. ನಿಂಬೆಯ ಬಿಲ್ಲೆಯನ್ನು ಗ್ಲೇಜಿನ ಮೇಲೆ ರಾತ್ರಿಯಿಡೀ ಇಡಿ, ಅಥವಾ ಅರ್ಧ ಪಾತ್ರೆ ವಿನೆಗರ್ ತುಂಬಿ ಮೂರು ದಿನ ಬಿಡಿ. ನಂತರ ತೊಳೆದು ಒರೆಸಿ, ಹುಳಿ ತಾಗಿದ ಮತ್ತು ತಾಗದ ಭಾಗಗಳನ್ನು ಹೋಲಿಸಿ. ಬಣ್ಣ ಅಥವಾ ಹೊಳಪು ಬದಲಾಗಿದ್ದರೆ ಆ ಪಾತ್ರೆ ಆಹಾರಕ್ಕೆ ಬೇಡ.

ಆದರೆ ಒಂದು ಎಚ್ಚರಿಕೆ. ಬಣ್ಣ ಬದಲಾಗದಿದ್ದ ಮಾತ್ರಕ್ಕೆ ಸೀಸ ಇಲ್ಲ ಎಂದು ಅರ್ಥವಲ್ಲ. ಸೀಸಕ್ಕೆ ಬಣ್ಣವೂ ಇಲ್ಲ, ರುಚಿಯೂ ಇಲ್ಲ. ಪ್ರಯೋಗಾಲಯಗಳಲ್ಲಿ 4 ಶೇಕಡಾ ಅಸಿಟಿಕ್ ಆಮ್ಲವನ್ನು, ಅಂದರೆ ಹೆಚ್ಚುಕಡಿಮೆ ನಮ್ಮ ಅಂಗಡಿಯ ವಿನೆಗರ್‌ನಷ್ಟೇ ಹುಳಿಯ ದ್ರವವನ್ನು, ಪಾತ್ರೆಯಲ್ಲಿ 24 ಗಂಟೆ ಇಟ್ಟು ಅದರಲ್ಲಿ ಕರಗಿದ ಸೀಸ, ಕ್ಯಾಡ್ಮಿಯಂಗಳನ್ನು ಅಳೆಯುತ್ತಾರೆ. ಮಾರಾಟಕ್ಕೆ ತಯಾರಿಸುವವರು ಈ ಪರೀಕ್ಷೆ ಮಾಡಿಸಲೇಬೇಕು. ಮನೆಯವರು ಅನುಮಾನವಿದ್ದ ಜಾಡಿಯನ್ನು ಹೂವಿಗೋ ಪೊರಕೆ ಕಡ್ಡಿಗೋ ಕೊಟ್ಟುಬಿಡುವುದು ಒಳ್ಳೆಯದು. ಹೆಚ್ಚು ಶಾಖದಲ್ಲಿ, ಸುಮಾರು 1200 ಡಿಗ್ರಿಯಲ್ಲಿ ಬೆಂದ ಭಾರವಾದ ಕಂದು-ಬಿಳಿ ಭರಣಿಗಳು ಉಪ್ಪಿನಕಾಯಿಗೆ ಹೆಚ್ಚು ನಂಬಿಕೆಯವು. ಆ ಶಾಖಕ್ಕೆ ಸೀಸದ ಅಗತ್ಯವೇ ಬರುವುದಿಲ್ಲ.

ತಯಾರಿಸುವ ಸಹೋದರಿಯರಿಗೆ

ಸ್ವಸಹಾಯ ಗುಂಪುಗಳ ಮೂಲಕ ಬಣ್ಣದ ಕುಡಿಕೆ, ಬಟ್ಟಲು ಮಾಡಲು ಹೊರಟವರು ಮೊದಲು ನೆನಪಿಡಬೇಕಾದದ್ದು: ಗ್ಲೇಜಿಗಿಂತ ಮುಂಚೆ ಮಣ್ಣನ್ನು ಪರೀಕ್ಷಿಸಿ. ಕೆರೆಯ ಜೇಡಿಯಿಂದ ಬಿಲ್ಲೆ ಮಾಡಿ, ಹಸಿಯಿರುವಾಗಲೇ ಅದರ ಮೇಲೆ ಸರಿಯಾಗಿ 10 ಸೆಂಟಿಮೀಟರ್ ಗೆರೆ ಎಳೆಯಿರಿ. ಒಣಗಿದ ಮೇಲೆ ಒಮ್ಮೆ, ಸುಟ್ಟ ಮೇಲೆ ಒಮ್ಮೆ ಅಳೆಯಿರಿ. ಗೆರೆ 9 ಸೆಂಟಿಮೀಟರ್ ಆಗಿದ್ದರೆ ಮಣ್ಣು ನೂರಕ್ಕೆ ಹತ್ತರಷ್ಟು ಕುಗ್ಗಿದೆ. ಹಿರಿಯೂರು ಕಡೆಯ ಎರೆಮಣ್ಣು ಇನ್ನೂ ಹೆಚ್ಚು ಕುಗ್ಗಿ ಬಿರಿಯುತ್ತದೆ, ಅದಕ್ಕೆ ಮರಳು ಅಥವಾ ಕೆಮ್ಮಣ್ಣು ಬೆರೆಸಬೇಕು.

ಎರೆಮಣ್ಣಿನ ಇನ್ನೊಂದು ಕಾಟ ಸುಣ್ಣದ ಹರಳು. ಆವಿಗೆಯಲ್ಲಿ ಹರಳು ಸುಟ್ಟು ಸುಣ್ಣವಾಗುತ್ತದೆ. ಪಾತ್ರೆ ಹೊರಗೆ ಬಂದಾಗ ಚೆನ್ನಾಗಿಯೇ ಇರುತ್ತದೆ. ವಾರ ಕಳೆದ ಮೇಲೆ ಗಾಳಿಯ ತೇವ ಹೀರಿ ಸುಣ್ಣ ಉಬ್ಬಿ, ಗ್ಲೇಜ್ ಸಮೇತ ಚಕ್ಕೆ ಎಬ್ಬಿಸುತ್ತದೆ. ಪಾತ್ರೆ ಮಾರಿದ ಮೇಲೆ ಕಾಣುವ ದೋಷ ಇದು. ಮಣ್ಣನ್ನು ನೀರಲ್ಲಿ ಕದಡಿ ಸಣ್ಣ ಜರಡಿಯಲ್ಲಿ ಸೋಸುವುದೊಂದೇ ಸರಿಯಾದ ಮದ್ದು.

ಬಯಲಲ್ಲಿ ಸೌದೆ, ತರಗು ಒಟ್ಟಿ ಸುಡುವ ಆವಿಗೆಯಲ್ಲಿ ಶಾಖ ಸಾಮಾನ್ಯವಾಗಿ 700ರಿಂದ 850 ಡಿಗ್ರಿ. ಬೂದಿ, ಹೊಗೆ ನೇರ ತಾಗುತ್ತವೆ. ಅಲ್ಲಿ ಒಳ್ಳೆಯ ಗ್ಲೇಜ್ ಬರುವುದಿಲ್ಲ. ಮುಚ್ಚಿದ ಭಟ್ಟಿ ಬೇಕು. ಮೊದಲು ಬರೀ ಪಾತ್ರೆಯನ್ನು 900ರಿಂದ 1000 ಡಿಗ್ರಿಗೆ ಸುಟ್ಟು, ನಂತರ ಗ್ಲೇಜ್ ಹಚ್ಚಿ ಎರಡನೇ ಬಾರಿ ಸುಡಬೇಕು.

ಕೆಂಪು ಮಣ್ಣಿಗೆ ಆರಂಭದ ಪ್ರಯೋಗಕ್ಕಾಗಿ ಸೀಸರಹಿತ ಬೋರಾನ್ ಫ್ರಿಟ್ 85 ಪಾಲು, ಚೀನೀಮಣ್ಣು 15 ಪಾಲು ತೆಗೆದುಕೊಳ್ಳಬಹುದು. ಫ್ರಿಟ್ ಎಂದರೆ ಮೊದಲೇ ಕರಗಿಸಿ, ನೀರಿಗೆ ಸುರಿದು, ಪುಡಿ ಮಾಡಿದ ಗಾಜು. ಕೊಳ್ಳುವಾಗ ಚೀಲದ ಮೇಲೆ ಸೀಸರಹಿತ ಎಂದು ಬರೆದಿದೆಯೇ ಎಂದು ನೋಡಿ, ಬಿಲ್ಲು ಇಟ್ಟುಕೊಳ್ಳಿ. ನೀರಲ್ಲಿ ಕಲಸಿ 80 ಮೆಷ್ ಜರಡಿಯಲ್ಲಿ ಸೋಸಿ, ಗಟ್ಟಿ ಮಜ್ಜಿಗೆಯ ಹದಕ್ಕೆ ತನ್ನಿ. ಮೂರು ಎಣಿಸುವಷ್ಟು ಹೊತ್ತು ಪಾತ್ರೆ ಅದ್ದಿ ತೆಗೆಯಿರಿ. 1000ರಿಂದ 1060 ಡಿಗ್ರಿಯ ನಡುವೆ ಬೇರೆ ಬೇರೆ ಶಾಖದಲ್ಲಿ ಬಿಲ್ಲೆಗಳನ್ನು ಸುಟ್ಟು ನೋಡಿ.

ಬಿಲ್ಲೆಗಳನ್ನು ಮಲಗಿಸದೆ ನಿಲ್ಲಿಸಿ ಸುಡಬೇಕು. ಗ್ಲೇಜ್ ಹರಿಯುತ್ತದೆಯೇ ಎಂಬುದು ಆಗ ಮಾತ್ರ ತಿಳಿಯುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಕಬ್ಬಿಣದ ಆಕ್ಸೈಡನ್ನು ನೂರಕ್ಕೆ 2, 4, 6, 8 ಎಂದು ಏರಿಸುತ್ತ ನಾಲ್ಕು ಬಿಲ್ಲೆ ಮಾಡಿದರೆ ಜೇನಿನಿಂದ ಕಡುಕಂದಿನವರೆಗಿನ ದಾರಿ ಕಣ್ಣೆದುರು ಬರುತ್ತದೆ. ಪ್ರತಿ ಬಿಲ್ಲೆಯ ಹಿಂದೆ ಸಂಖ್ಯೆ ಕೊರೆದು, ಅಳತೆ, ಶಾಖ, ಭಟ್ಟಿಯಲ್ಲಿ ಇಟ್ಟ ಜಾಗವನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ನೆನಪನ್ನು ನಂಬಬೇಡಿ.

ದೋಷ ಮತ್ತು ಪರಿಹಾರ

ಜೇಡರ ಬಲೆಯ ಗೆರೆ: ತಣಿಯುವಾಗ ಗ್ಲೇಜ್ ಪಾತ್ರೆಗಿಂತ ಹೆಚ್ಚು ಕುಗ್ಗಿದೆ. ಸೋಡ ಕಡಿಮೆ ಮಾಡಿ, ಬೆಣಚುಕಲ್ಲಿನ ಪುಡಿ ಸ್ವಲ್ಪ ಹೆಚ್ಚಿಸಿ. ಮೊದಲ ಸುಡುವಿಕೆಯ ಶಾಖ ಏರಿಸಿ. ಕುದಿಯುವ ನೀರಲ್ಲಿ ಐದು ನಿಮಿಷ ಇಟ್ಟು ಕೂಡಲೇ ಮಂಜಿನ ನೀರಿಗೆ ಹಾಕಿ, ಕೆಲವು ಸಲ ಹೀಗೆ ಮಾಡಿದರೆ ಮುಂದೆ ಬರುವ ಗೆರೆ ಇಂದೇ ಕಾಣುತ್ತದೆ.

ಅಂಚಿನಿಂದ ಚಕ್ಕೆ ಏಳುವುದು: ಇದು ಮೊದಲಿನದಕ್ಕೆ ವಿರುದ್ಧ. ಗ್ಲೇಜ್ ಕುಗ್ಗಿದ್ದು ಸಾಲದೆ ಪಾತ್ರೆಯೇ ಅದನ್ನು ಒತ್ತಿ ಎಬ್ಬಿಸುತ್ತದೆ. ಗಾಜಿನ ಚೂರು ಊಟದಲ್ಲಿ ಸೇರುವುದರಿಂದ ಎಲ್ಲಕ್ಕಿಂತ ಅಪಾಯಕಾರಿ. ಬೆಣಚುಕಲ್ಲು ಕಡಿಮೆ ಮಾಡಬೇಕು. ಇಂತಹ ಪಾತ್ರೆಯನ್ನು ಒಡೆದುಹಾಕಿ.

ಗ್ಲೇಜ್ ಸರಿದು ಉಂಡೆಯಾಗುವುದು: ಪಾತ್ರೆಯ ಮೇಲೆ ದೂಳು ಅಥವಾ ಕೈಯ ಎಣ್ಣೆ ಜಿಡ್ಡು ಇತ್ತು, ಇಲ್ಲವೇ ಲೇಪ ದಪ್ಪವಾಯಿತು. ಒದ್ದೆ ಸ್ಪಂಜಿನಿಂದ ಒರೆಸಿದ ನಂತರ ಅದ್ದಿ. ತಲೆಗೆ ಎಣ್ಣೆ ಹಚ್ಚಿದ ಕೈಯಲ್ಲಿ ಪಾತ್ರೆ ಮುಟ್ಟಬೇಡಿ.

ಸೂಜಿ ತೂತು, ಗುಳ್ಳೆ: ಮಣ್ಣಿನೊಳಗಿನ ಅನಿಲ ಹೊರಬರುವಾಗ ಆದ ಗಾಯ ಮುಚ್ಚಿಲ್ಲ. ಮೊದಲ ಸುಡುವಿಕೆಯನ್ನು ನಿಧಾನ ಮಾಡಿ. ಎರಡನೆಯದರಲ್ಲಿ ಮೇಲಿನ ಶಾಖ ತಲುಪಿದ ಮೇಲೆ 15-20 ನಿಮಿಷ ಅಲ್ಲೇ ನಿಲ್ಲಿಸಿ.

ಹರಿದು ತಳಕ್ಕೆ ಅಂಟುವುದು: ಶಾಖ ಹೆಚ್ಚಾಯಿತು ಅಥವಾ ಲೇಪ ದಪ್ಪವಾಯಿತು. ಚೀನೀಮಣ್ಣು ಸ್ವಲ್ಪ ಹೆಚ್ಚಿಸಿ, ಪಾತ್ರೆಯ ಬುಡದಲ್ಲಿ ಅರ್ಧ ಸೆಂಟಿಮೀಟರ್ ಗ್ಲೇಜ್ ಒರೆಸಿಬಿಡಿ.

ಒರಟು, ಹೊಳಪಿಲ್ಲದ ಮೈ: ಬೇಯುವುದು ಸಾಲದು. ಆಹಾರಕ್ಕೆ ಬಳಸಬಾರದು.

ಭಟ್ಟಿಯನ್ನು ಬಿಸಿಯಿರುವಾಗ ತೆರೆಯುವ ಆತುರ ಬೇಡ. 573 ಡಿಗ್ರಿಯ ಹತ್ತಿರ ಬೆಣಚುಕಲ್ಲಿನ ಗಾತ್ರ ತಟ್ಟನೆ ಬದಲಾಗುತ್ತದೆ. ಆಗ ತಣ್ಣನೆ ಗಾಳಿ ನುಗ್ಗಿದರೆ ಪಾತ್ರೆ ಸೀಳುತ್ತದೆ. ಭಟ್ಟಿ ಸಬ್ರ್ ಕಲಿಸುವ ಮದ್ರಸ.

ನಿಮ್ಮ ಮೈಯ ಜೋಪಾನವೂ ಮುಖ್ಯ. ಬೆಣಚುಕಲ್ಲಿನ ದೂಳು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ತರುತ್ತದೆ, ಅದಕ್ಕೆ ಮದ್ದಿಲ್ಲ. ಒಣ ಪುಡಿ ಮುಟ್ಟುವಾಗ ಒಳ್ಳೆಯ ಮಾಸ್ಕ್ ಧರಿಸಿ. ದುಪಟ್ಟಾದ ಸೆರಗು ಸಾಲದು. ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಅಡುಗೆಯ ಮಿಕ್ಸಿ, ಚಮಚ, ಬಟ್ಟಲುಗಳನ್ನು ಗ್ಲೇಜಿಗೆ ಬಳಸಬೇಡಿ. ಮ್ಯಾಂಗನೀಸ್ ಬಳಸಿದ ಭಟ್ಟಿಯ ಹೊಗೆಯ ಬಳಿ ಮಕ್ಕಳಾಗಲಿ ಬಸುರಿಯರಾಗಲಿ ನಿಲ್ಲಬಾರದು.

ಕಲಿಯಬಯಸುವವರಿಗೆ ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇದೆ. 2023ರಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆಯೂ ಒಂದು. ತರಬೇತಿ ಪಡೆಯುವ ದಿನಗಳಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ ನೆರವು ಅದರಲ್ಲಿದೆ. ಸಾಲದ ಭಾಗಕ್ಕೆ ಬಡ್ಡಿ ಇದೆ. ಬಡ್ಡಿಯಿಂದ ದೂರವಿರಲು ಬಯಸುವವರು ತರಬೇತಿ ಮತ್ತು ಸಲಕರಣೆಯ ನೆರವನ್ನಷ್ಟೇ ಕೇಳಬಹುದು.

ದೋಷ ಮೇಲಿರಲಿ

ಕೊನೆಯದಾಗಿ ವ್ಯಾಪಾರದ ಮಾತು. ಪ್ರವಾದಿ(ಸ) ಒಮ್ಮೆ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಅಡಿಯಲ್ಲಿ ಒದ್ದೆ ಸಿಕ್ಕಿತು. ಮಳೆಗೆ ನೆನೆಯಿತು ಎಂದು ಮಾರುವವನು ಹೇಳಿದ. ಹಾಗಾದರೆ ಒದ್ದೆಯನ್ನು ಜನರಿಗೆ ಕಾಣುವಂತೆ ಮೇಲೆ ಇಡಬಾರದಿತ್ತೇ ಎಂದು ಕೇಳಿದ ಪ್ರವಾದಿ(ಸ), ಮೋಸ ಮಾಡುವವರು ತಮ್ಮವರಲ್ಲ ಎಂದು ಎಚ್ಚರಿಸಿದರು.

ಜಾಡಿಯ ವಿಷಯದಲ್ಲೂ ಅದೇ ನಿಯಮ. ಗೆರೆ ಬಿಟ್ಟ ಬಟ್ಟಲನ್ನು ಬಟ್ಟಲೆಂದು ಮಾರಬೇಡಿ, ಅಲಂಕಾರಕ್ಕೆ ಮಾತ್ರ ಎಂದು ಚೀಟಿ ಅಂಟಿಸಿ ಕಡಿಮೆ ಬೆಲೆಗೆ ಕೊಡಿ. ಕೊಳ್ಳುವವರು ಕೂಡ ಚೌಕಾಸಿಗೆ ಮುಂಚೆ ಎರಡು ಪ್ರಶ್ನೆ ಕೇಳಿ: “ಇದಕ್ಕೆ ಹಾಕಿದ ಗ್ಲೇಜ್ ಸೀಸರಹಿತವೇ? ಹುಳಿ ಪದಾರ್ಥ ಇಡಬಹುದೇ?” ನೇರ ಉತ್ತರ ಕೊಡುವ ಕುಂಬಾರನಿಗೆ ಹತ್ತು ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಉತ್ತರ ಸಿಗದ ಹೊಳಪನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಉಪ್ಪಿನಕಾಯಿಗೆ ಹಳೆಯ ಗಾಜಿನ ಬಾಟಲಿ ಸಾಕು.